ಹೊಂಟೀನಿ ಅಂದವನ ಕಾರು

ಮುಶಿಗೇರಿಯ ಸಿದ್ದರಾಮೇಶನಿಗೆ ಮಗಳು ಹುಟ್ಟಿದ ದಿನ ಅವನ ಟಾವೆಲ್ಲು ಅವನಿಗಿಂತ ಮೊದಲು ಮನೆ ಬಿಟ್ಟಿತ್ತು. ನಗಬೇಡಿ, ಶಾಸ್ತ್ರದಲ್ಲಿ ಇದಕ್ಕೆ ಜಾಗವಿದೆ. ಹೊರಡಲು ಒಳ್ಳೆಯ ಗಳಿಗೆ ಒಂದು, ನಮಗೆ ಪುರುಸೊತ್ತಾಗುವ ಗಳಿಗೆ ಇನ್ನೊಂದು ಆದಾಗ ಏನು ಮಾಡಬೇಕೆಂದು ಹಿರಿಯರು ಯೋಚಿಸಿ ಒಂದು ಉಪಾಯ ಮಾಡಿಟ್ಟಿದ್ದಾರೆ. ಒಳ್ಳೆಯ ಗಳಿಗೆಯಲ್ಲಿ ಮೈಮೇಲಿನ ಒಂದು ವಸ್ತುವನ್ನು ನೆರೆಮನೆಯಲ್ಲಿ ಇಟ್ಟು ಬಂದರಾಯಿತು, ಪ್ರಯಾಣ ಶುರುವಾದಂತೆ. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಆಮೇಲೆ ಮನುಷ್ಯ ಉಂಡು, ಎಲೆಅಡಿಕೆ ಹಾಕಿಕೊಂಡು, ಒಂದಿಷ್ಟು ಅಡ್ಡಾಗಿ, ಎದ್ದು ಹೋಗುವಾಗ ಆ ವಸ್ತುವನ್ನು ಎತ್ತಿಕೊಂಡರೆ ಸಾಕು. ರಾಹುವಿಗೆ ಇದೆಲ್ಲ ತಿಳಿಯುವುದಿಲ್ಲ ಎಂಬುದು ನಮ್ಮ ಕಡೆಯವರ ನಂಬಿಕೆ.

ಅಂದು ಶ್ರಾವಣ ಸೋಮವಾರ. ಸಿದ್ದರಾಮೇಶನ ಹೆಂಡತಿ ದೇವಿಕಾ ಹೆರಿಗೆಗೆಂದು ತವರೂರು ನರಗುಂದಕ್ಕೆ ಹೋಗಿದ್ದಳು. ಬೆಳಿಗ್ಗೆ ಅವಳ ಫೋನು ಬಂತು.

"ಬ್ಯಾನಿ ಸುರು ಆಗ್ಯಾವ್ರಿ. ದವಾಖಾನಿಗೆ ಹೊಂಟೀವಿ. ನೀವು ಲಗೂನ ಬರ್ರಿ."

ಸಿದ್ದರಾಮೇಶ ಬೈಕಿನ ಕೀಲಿ ಹುಡುಕತೊಡಗಿದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತಾಯಿ ಫಕೀರವ್ವ ಹಿಟ್ಟಿನ ಕೈ ಎತ್ತಿ ತಡೆದಳು.

"ಸೋಮಾರ ಐತಿ, ಇನ್ನೇನ ರಾಹುಕಾಲ ಕೂಡತೈತಿ. ಅಂಥಾ ಹೊತ್ತಿನ್ಯಾಗ ಹೊಂಟು ಹಡಿಯೋ ಹೆಣ್ಣಮಗಳ ಮುಂದ ಹೋಗಿ ನಿಲ್ಲತೀಯೇನ? ಮೊದಲ ಪರಸ್ಥಾನ ಇಟ್ಟು ಬಾ."

ಅವನು ಹೆಗಲ ಮೇಲಿನ ಟಾವೆಲ್ಲನ್ನು ಒಯ್ದು ಎದುರುಮನೆಯ ಗೋಣೆಪ್ಪನ ಪಡಸಾಲೆಯ ಗೂಟಕ್ಕೆ ಸಿಕ್ಕಿಸಿ ಬಂದ. ಬಂದವನು ಬಿಸಿರೊಟ್ಟಿಗೆ ಕೂತ. ಅಷ್ಟರಲ್ಲಿ ಮತ್ತೆ ಫೋನು.

"ಹೊಂಟೀರೇನ್ರಿ?" ದೇವಿಕಾಳ ಉಸಿರು ತುಂಡುತುಂಡಾಗಿ ಬರುತ್ತಿತ್ತು.

"ಹೊಂಟೀನಿ, ಹೊಂಟೀನಿ," ಎಂದ ಸಿದ್ದರಾಮೇಶ.

ಸುಳ್ಳೇನೂ ಹೇಳಲಿಲ್ಲ. ಟಾವೆಲ್ಲಿನ ಲೆಕ್ಕದಲ್ಲಿ ಅವನು ಹೊರಟು ಎಷ್ಟೋ ಹೊತ್ತಾಗಿತ್ತು. ಆದರೆ ಅವನ ಮಾತಿನ ಹಿಂದೆ ಫಕೀರವ್ವ ರೊಟ್ಟಿ ಬಡಿಯುವ ಸಪ್ಪಳ ಪಟಪಟ ಎಂದು ಫೋನಿನೊಳಗೆ ಹೋಗುತ್ತಿತ್ತು. ಆ ಕಡೆ ದೇವಿಕಾ ಫೋನು ಇಟ್ಟಳು.

ರಾಹುಕಾಲ ಮುಗಿದ ಮೇಲೆ ಸಿದ್ದರಾಮೇಶ ಟಾವೆಲ್ಲು ತರಲು ಹೋದರೆ ಗೋಣೆಪ್ಪನ ಮನೆಗೆ ಕೀಲಿ. ಗೋಣೆಪ್ಪ, ಅವನ ಹೆಂಡತಿ ನೀಲವ್ವ, ಇಬ್ಬರೂ ಹೆಸರುಕಾಯಿ ಬಿಡಿಸಲು ಲಕ್ಕಲಕಟ್ಟಿ ಕಡೆಯ ಹೊಲಕ್ಕೆ ಹೋಗಿದ್ದರು. ಫೋನು ಹಚ್ಚಿದರೆ ಅದು ಮುಚ್ಚಿದ ಬಾಗಿಲ ಹಿಂದೆಯೇ, ಬಹುಶಃ ಟಾವೆಲ್ಲಿನ ಪಕ್ಕದಲ್ಲೇ, ಕೂಗಿಕೊಂಡಿತು. ಟಾವೆಲ್ಲು ಬಿಟ್ಟು ಹೋಗಲೇ ಎಂದು ತಾಯಿಯನ್ನು ಕೇಳಿದ. "ಪರಸ್ಥಾನ ಬಿಟ್ಟು ಹ್ವಾದಾಂವ ತಿರುಗಿ ಮನಿ ಮುಟ್ಟಂಗಿಲ್ಲ," ಎಂದಳು ಫಕೀರವ್ವ. ಬೈಕು ಹತ್ತಿ ಹೊಲಕ್ಕೆ ಹೋಗಿ, ಸಾಲಿನಿಂದ ಸಾಲಿಗೆ ಗೋಣೆಪ್ಪನನ್ನು ಹುಡುಕಿ, ಕೀಲಿ ತಂದು ಬಾಗಿಲು ತೆಗೆಯುವಷ್ಟರಲ್ಲಿ ಯಮಗಂಡಕಾಲ ಕೂತಿತ್ತು. ಅದೂ ಮುಗಿಯಲಿ ಎಂದು ಇನ್ನೆರಡು ರೊಟ್ಟಿ ಉಂಡು ಒಂದಿಷ್ಟು ಅಡ್ಡಾದ.

ಅವನು ರೋಣ ದಾಟಿ ನರಗುಂದ ಮುಟ್ಟಿದಾಗ ಹೊತ್ತು ಗುಡ್ಡದ ಹಿಂದೆ ಇಳಿಯುತ್ತಿತ್ತು. ಮಗಳು ಹುಟ್ಟಿ, ಮೈ ಒರೆಸಿಕೊಂಡು, ಹಾಲು ಕುಡಿದು, ಒಂದು ನಿದ್ದೆಯನ್ನೂ ಮುಗಿಸಿದ್ದಳು. ಬಾಗಿಲಲ್ಲಿ ನಿಂತಿದ್ದ ಅತ್ತೆ ಪುಷ್ಪಾವತಿ, "ಬಂದ್ರೇನ್ರಿ ಅಳ್ಯಾರ?" ಎಂದಳು. ಪ್ರಶ್ನೆ ಸಣ್ಣದಿತ್ತು, ಅದರಲ್ಲಿ ಇದ್ದ ಮುಳ್ಳು ಸಣ್ಣದಿರಲಿಲ್ಲ.

"ಏನ್ ಮಾಡೂದ್ರಿ ಅತ್ತಿ, ಆ ಬೈಕ್ ಓಡಂಗ ಇಲ್ಲ," ಎಂದ ಸಿದ್ದರಾಮೇಶ.

ಎಲ್ಲರೂ ಹೊರಗೆ ನಿಂತಿದ್ದ ಬೈಕಿನ ಕಡೆ ನೋಡಿದರು. ಪಾಪ, ಅದಕ್ಕೆ ಬಾಯಿ ಇರಲಿಲ್ಲ.

ಕೂಸನ್ನು ಕೈಗೆ ಕೊಟ್ಟಾಗ ಸಿದ್ದರಾಮೇಶ ನಿಜಕ್ಕೂ ಕರಗಿದ. ಅವಳು ಅವನ ಕಿರುಬೆರಳು ಹಿಡಿದುಕೊಂಡಳು. ಇವಳಿಗಾಗಿ ಏನು ಬೇಕಾದರೂ ಮಾಡುತ್ತೇನೆ ಎಂದುಕೊಂಡ, ಕಣ್ಣೊರೆಸಲು ಹೆಗಲಿನ ಟಾವೆಲ್ಲನ್ನೇ ಬಳಸಿದ. ಏನು ಬೇಕಾದರೂ ಎಂದರೆ ಏನು ಎಂದು ಯೋಚಿಸಿದಾಗ ಅವನಿಗೆ ಮೊದಲು ಹೊಳೆದದ್ದು ಕಾರು. ಅದೂ ಗಾಳಿಯ ಹಾಗೆ ಓಡುವ ಕಾರು. ಇನ್ನೊಮ್ಮೆ ಯಾರೂ ಬಾಗಿಲಲ್ಲಿ ನಿಂತು 'ಬಂದ್ರೇನ್ರಿ' ಎನ್ನಬಾರದು.

ಮಗಳನ್ನು ತೊಟ್ಟಿಲಿಗೆ ಹಾಕಿ ಶ್ರಾವಣಿ ಎಂದು ಹೆಸರಿಟ್ಟ ದಿನ ಮುಶಿಗೇರಿಯಿಂದ ಒಂದು ಗಾಡಿ ತುಂಬ ಜನ ನರಗುಂದಕ್ಕೆ ಹೋಗಿದ್ದರು. ಊಟದ ಪಂಕ್ತಿಯಲ್ಲಿ ಗೋಣೆಪ್ಪ ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ತಪ್ಪು ನಂದೂ ಐತಿ ನೋಡವಾ ದೇವಿಕಾ. ಟಾವೆಲ್ಲು ಒಳಗಿಟ್ಟು ಕೀಲಿ ಹಾಕ್ಕೊಂಡು ಹೊಲಕ್ಕ ಹೋಗಿಬಿಟ್ಟಿದ್ದೆ," ಎಂದು ಇಡೀ ಕಥೆಯನ್ನು ದೊಡ್ಡ ಮನಸ್ಸಿನಿಂದ ಹೇಳಿಬಿಟ್ಟ. ದೇವಿಕಾ ಎಲ್ಲವನ್ನೂ ಕೇಳಿಸಿಕೊಂಡಳು, ಗೋಣೆಪ್ಪನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಅಷ್ಟಕ್ಕೇ ಮುಗಿಯುತ್ತಿತ್ತು.

ಕಾರಿನ ವಿಷಯ ಅವನು ಫೋನಿನಲ್ಲಿ ಎತ್ತಿದಾಗ ಅವಳು ತನಗೆ ಬೇಕಾದ್ದನ್ನು ಸ್ಪಷ್ಟವಾಗಿಯೇ ಹೇಳಿದಳು.

"ಹಿಂದ ನಾನು, ಅವ್ವ, ಕೂಸು ಆರಾಮ ಕೂಡಬೇಕು. ಡಿಕ್ಕ್ಯಾಗ ತೊಟ್ಟಿಲಾ ಹಿಡಸಬೇಕು. ಊರಾಗಿನ ರೋಡ್ ಹಂಪಿಗೆ ತಳಾ ತಾಗಬಾರದು. ಇಷ್ಟ ನೋಡ್ರಿ."

"ಹೌದೌದು. ಮತ್ತ ಓಡೋದು?"

"ಓಡಲಾರದ ಕಾರು ಯಾರರೆ ಮಾರತಾರೇನ್ರಿ?"

ತೊಟ್ಟಿಲೆಂದರೆ ಸುಮ್ಮನೆಯಲ್ಲ. ಚೊಚ್ಚಲ ಮೊಮ್ಮಗಳಿಗೆಂದು ಪುಷ್ಪಾವತಿ ಕಲಘಟಗಿಯಿಂದ ಹೇಳಿ ಮಾಡಿಸಿದ್ದು. ಕೆಂಪು ಹಳದಿ ಬಣ್ಣ, ಸುತ್ತ ಚಿತ್ತಾರ, ಮೇಲೆ ತೂಗುವ ಗಿಳಿಗಳು. ಬಾಣಂತಿ ಐದನೆಯ ತಿಂಗಳಲ್ಲಿ ಗಂಡನ ಮನೆಗೆ ಹೋಗುವಾಗ ತೊಟ್ಟಿಲು ಕೂಸಿನ ಜೊತೆಗೇ ಹೋಗಬೇಕು, ಗಂಡನೇ ಬಂದು ಕರೆದೊಯ್ಯಬೇಕು. ಸಿದ್ದರಾಮೇಶನೂ ಆ ದಿನಕ್ಕೇ ಕಾಯುತ್ತಿದ್ದ. ಅತ್ತೆಯ ಓಣಿಯ ಜನರೆಲ್ಲ ನೋಡುತ್ತಿರುವಾಗ ಕಾರಿನಿಂದ ಇಳಿದು, ಹೆಂಡತಿ ಮಗಳನ್ನು ಕೂಡಿಸಿಕೊಂಡು, ಧೂಳೆಬ್ಬಿಸಿ ಹೊರಟರೆ ಆ ಸೋಮವಾರದ ಮಾತು ಅಲ್ಲಿಗೆ ಮುಗಿಯುತ್ತದೆ ಎಂಬುದು ಅವನ ಎಣಿಕೆ.

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹತ್ತಿರ ಇಮ್ರಾನ ಹಳೆಯ ಕಾರು ಕೊಟ್ಟು ತಗೊಳ್ಳುವ ವ್ಯಾಪಾರ ಮಾಡುತ್ತಿದ್ದ. ಸಿದ್ದರಾಮೇಶ ಗೋಣೆಪ್ಪನನ್ನು ಕರೆದುಕೊಂಡು ಹೋದ. ಇಮ್ರಾನ ಒಳ್ಳೆಯ ಮನಸ್ಸಿನಿಂದಲೇ ಅವರನ್ನು ಎತ್ತರದ, ಅಗಲದ, ಬಿಳಿ ಬಣ್ಣದ ಒಂದು ಗಾಡಿಯ ಮುಂದೆ ನಿಲ್ಲಿಸಿ ಡಿಕ್ಕಿ ತೆಗೆದು ತೋರಿಸಿದ. ಅದರಲ್ಲಿ ತೊಟ್ಟಿಲೂ ಹಿಡಿಯುತ್ತಿತ್ತು, ತೂಗುವವಳೂ ಹಿಡಿಯುತ್ತಿದ್ದಳು.

"ಎಷ್ಟು ಓಡತೈತಿ?" ಎಂದು ಕೇಳಿದ ಸಿದ್ದರಾಮೇಶ.

"ಅಣ್ಣಾರ, ಇದು ಮನಿಮಂದಿ ಗಾಡಿ. ಸಾವಕಾಶ ಹೋಗತೈತಿ, ಚಲೋ ಹೋಗತೈತಿ."

"ಸಾವಕಾಶ ಹೋಗಾಕ ನನ್ನ ಕಡೆ ಬೈಕ್ ಐತಲ್ಲ."

ಇಮ್ರಾನ ವ್ಯಾಪಾರಸ್ಥ, ಮಾತು ಬೆಳೆಸಲಿಲ್ಲ. ಹಿಂದೆ ನಿಂತಿದ್ದ ಇನ್ನೊಂದರ ಮೇಲಿನ ತಾಡಪತ್ರಿ ಎಳೆದ. ಕೆಂಪು ಕಾರು. ನೆಲಕ್ಕೆ ಮೂಗು ತಾಗಿಸಿಕೊಂಡು ನಿಂತಿತ್ತು. ಹುಬ್ಬಳ್ಳಿಯ ಯಾವನೋ ಹುಡುಗ ಹಟಕ್ಕೆ ಬಿದ್ದು ಓಡಿಸಿ, ಮದುವೆಯಾದ ಮೇಲೆ ಮಾರಿದ್ದು. ಡಿಕ್ಕಿಯ ತುಂಬ ಒಂದು ವೂಫರ್ ಪೆಟ್ಟಿಗೆಯನ್ನು ಬೋಲ್ಟು ಹಾಕಿ ಕೂಡಿಸಿದ್ದ. ಹಾಡು ಹಚ್ಚಿದರೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಗ್ಲಾಸುಗಳು ನಡುಗಿದವು.

"ಇದು ಫ್ಯಾಮಿಲಿಗೆ ಆಗತೈತೇನ?" ಎಂದು ಸಿದ್ದರಾಮೇಶ ಕೇಳಿದ. ಕೇಳಲೇಬೇಕಲ್ಲ, ಹೆಂಡತಿಗೆ ಮಾತು ಕೊಟ್ಟಿದ್ದ.

"ನಾಕು ಬಾಗಲಾ ಅದಾವಲ್ರಿ," ಎಂದ ಇಮ್ರಾನ.

ಅಲ್ಲಿಗೆ ವಿಚಾರಣೆ ಮುಗಿಯಿತು. ರೋಣದ ರಸ್ತೆಗೆ ತೆಗೆದುಕೊಂಡು ಹೋಗಿ ಕಾಲು ಒತ್ತಿದರೆ ಕಾರು ಎರಡು ಬಸ್ಸು, ಒಂದು ಮೇವಿನ ಟ್ರ್ಯಾಕ್ಟರು, ಒಂದು ಮದುವೆಯ ದಿಬ್ಬಣ ಎಲ್ಲವನ್ನೂ ಹಿಂದೆ ಹಾಕಿತು. ಸಿದ್ದರಾಮೇಶನ ಎದೆ ಉಬ್ಬಿತು. ನಡುರಾತ್ರಿ ಮಗಳಿಗೆ ಜ್ವರ ಬಂದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಗದಗ ಮುಟ್ಟಿಸುತ್ತೇನೆ ಎಂದುಕೊಂಡ. ಅದಕ್ಕೂ ಮೊದಲು ಮನೆಯಿಂದ ಅಂಗಳಕ್ಕೆ ಬರಲು ತನಗೆ ಎಷ್ಟು ಹೊತ್ತು ಬೇಕೆಂದು ಅವನು ಲೆಕ್ಕ ಹಾಕಲಿಲ್ಲ. ಹಿಂದಿನ ಸೀಟಿನಲ್ಲಿ ಗೋಣೆಪ್ಪ ಮೊಣಕಾಲನ್ನು ಗದ್ದಕ್ಕೆ ಹಚ್ಚಿಕೊಂಡು, ತಲೆಯ ಪಟಗ ಬಿಚ್ಚಿ ಕೈಯಲ್ಲಿ ಹಿಡಿದು ಕೂತಿದ್ದ. ಇಳಿದಾಗ, "ಹ್ಯಾಂಗೈತಿ ಕಾಕಾ?" ಎಂದರೆ ಅವನು ನೆಲಕ್ಕೆ ಕೂತು ಕಾರಿಗೆ ಎರಡೂ ಕೈ ಮುಗಿದ. ಮೆಚ್ಚಿ ಮುಗಿದನೆಂದು ಸಿದ್ದರಾಮೇಶ ತಿಳಿದ.

ಫೋಟೋ ನೋಡಿ ದೇವಿಕಾ ಒಂದೇ ಪ್ರಶ್ನೆ ಕೇಳಿದಳು. "ತೊಟ್ಟಿಲಾ ಎಲ್ಲಿಡೋದ್ರಿ?"

"ಹಿಡಸತೈತಿ ಬಿಡ, ಎಲ್ಲಾ ಹಿಡಸತೈತಿ," ಎಂದ.

ಕಾರು ಊರಿಗೆ ಬಂತು. ಮುಶಿಗೇರಿಯ ಶಾಲೆಯ ಮುಂದೆ, ಅಗಸಿಯ ಮುಂದೆ, ಪಂಚಾಯ್ತಿ ಕಟ್ಟೆಯ ಮುಂದೆ ಗಾಡಿಗಳು ಜೋರಾಗಿ ಓಡದಿರಲೆಂದು ಜನರೇ ಮಣ್ಣು, ಕಲ್ಲು ಹಾಕಿ ಮಾಡಿಕೊಂಡ ಹಂಪುಗಳಿದ್ದವು. ಒಳಗೆ ಜನ ಕೂತಿದ್ದರೆ ಕೆಂಪು ಕಾರು ಅವನ್ನು ಹತ್ತುತ್ತಿರಲಿಲ್ಲ, ತಳ ಉಜ್ಜಿ ಗರ್ ಎನ್ನುತ್ತಿತ್ತು. ಹಾಗಾಗಿ ಹಂಪು ಬಂದಾಗ ಎಲ್ಲರೂ ಇಳಿದು, ನಡೆದು ದಾಟಿ, ಆಚೆ ನಿಂತು ಮತ್ತೆ ಹತ್ತಬೇಕು. ಊರಲ್ಲೇ ಬಲು ಜೋರಾಗಿ ಓಡುವ ಗಾಡಿಯವರು ಹೀಗೆ ಅರ್ಧ ಊರನ್ನು ನಡೆದೇ ದಾಟುತ್ತಿದ್ದರು. ಫಕೀರವ್ವ ಎರಡನೆಯ ಸಲ ಇಳಿದವಳು ಮತ್ತೆ ಹತ್ತಲಿಲ್ಲ, ಹಾಗೇ ಮನೆಗೆ ಹೋದಳು. ಆದರೂ ಮಗನ ಕಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ, ಒಂದು ಕರಿಗೊಂಬೆ ಕಟ್ಟಿದಳು. ಸಿದ್ದರಾಮೇಶ ಹಿಂದಿನ ಗಾಜಿನ ಮೇಲೆ ಶ್ರಾವಣಿ ಎಂದು ದೊಡ್ಡದಾಗಿ ಬರೆಸಿದ. ಮಗಳ ಹೆಸರಿಗೆ ಆ ಕಾರಿನಲ್ಲಿ ಸಿಕ್ಕಷ್ಟು ಜಾಗ ಮಗಳಿಗೆ ಸಿಗುವಂತಿರಲಿಲ್ಲ.

ಕೊನೆಗೆ ಕರೆತರುವ ದಿನ ಗೊತ್ತಾಯಿತು. ಗುರುವಾರ. ಮಧ್ಯಾಹ್ನ ಊಟದ ಹೊತ್ತಿನ ಮೇಲೆ ರಾಹುಕಾಲ ಬರುತ್ತದೆ, ಅಷ್ಟರೊಳಗೆ ಕೂಸು ತವರಿನ ಹೊಸ್ತಿಲು ದಾಟಿರಬೇಕು ಎಂದು ಮಠದ ಅಯ್ಯನವರು ಹೇಳಿದ್ದರು. ಬೆಳಿಗ್ಗೆಯೇ ಹೊರಟರೆ ಬೇಕಾದಷ್ಟು ಹೊತ್ತಿತ್ತು. ಈ ಸಲ ಸಿದ್ದರಾಮೇಶ ಗೋಣೆಪ್ಪನ ಕೀಲಿಯನ್ನು ನಂಬಲಿಲ್ಲ. ನಸುಕಿನಲ್ಲೇ ಎದ್ದು, ಟಾವೆಲ್ಲನ್ನು ಕಾರಿನ ಮುಂದಿನ ಸೀಟಿನ ಮೇಲಿಟ್ಟು, ಕಾರನ್ನೇ ಅಂಗಳದಿಂದ ತೆಗೆದು ಎದುರುಮನೆಯ ಮುಂದೆ ನಿಲ್ಲಿಸಿದ. ಇದಕ್ಕಿಂತ ದೊಡ್ಡ ಪ್ರಸ್ಥಾನವನ್ನು ಮುಶಿಗೇರಿ ಕಂಡಿರಲಿಲ್ಲ. ಆಮೇಲೆ ಮನೆಗೆ ಬಂದು ಮಲಗಿದ.

ಎದ್ದು ಸ್ನಾನ ಮಾಡುವಾಗ ದೇವಿಕಾಳ ಫೋನು. "ಓಣಿ ಹೆಣ್ಣಮಕ್ಕಳು ಎಲ್ಲಾ ಬಂದಾರ್ರಿ. ತೊಟ್ಟಿಲಾ ಬಿಚ್ಚಿ ಕಟ್ಟೇವಿ. ಹೊಂಟೀರೇನ?"

"ಹೊಂಟೀನಿ. ಗಾಡಿ ಹೊರಬಿದ್ದೈತಿ."

ಇದೂ ಸುಳ್ಳಲ್ಲ. ಒಳಗೆ ಫಕೀರವ್ವನ ಕೈ ಪಟಪಟ ಬಡಿಯುತ್ತಲೇ ಇತ್ತು. ಆಮೇಲೆ ರೊಟ್ಟಿ ಉಂಡದ್ದಾಯಿತು, ಕಾರು ತೊಳೆದದ್ದಾಯಿತು, ಕಾಯಿ ಒಡೆದದ್ದಾಯಿತು, ದಾರಿಹೋಕರು ನಿಂತು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟದ್ದಾಯಿತು. ಮತ್ತೆರಡು ಸಲ ಫೋನು ಬಂತು, ಎರಡು ಸಲವೂ ಅದೇ ಉತ್ತರ. ಅವನಿಗೆ ಗಾಬರಿಯೇ ಇರಲಿಲ್ಲ. ಇಂಥ ಕಾರಿದ್ದ ಮೇಲೆ ಹೊತ್ತಿಗೆ ಹೊರಡುವ ಅಗತ್ಯ ಯಾರಿಗಿದೆ?

ಹೊರಟ ಮೇಲೆ ಮಾತ್ರ ಹೇಳುವಂತಿಲ್ಲ. ಎರಡೂ ಕಡೆ ಬಿಳಿಜೋಳದ ತೆನೆ ಕಣ್ಣಿಗೆ ನಿಲ್ಲದಂತೆ ಹಿಂದೆ ಸರಿದವು. ರೋಣ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ನರಗುಂದದ ಗುಡ್ಡ ಕಂಡಾಗ ಹಾಡಿನ ಸಪ್ಪಳ ಏರಿಸಿ, ಅತ್ತೆಯ ಓಣಿಗೆ ನುಗ್ಗಿ ಗಕ್ಕನೆ ನಿಲ್ಲಿಸಿದ.

ಓಣಿಯಲ್ಲಿ ಯಾರೂ ಇರಲಿಲ್ಲ. ಬೆಳಗಿನಿಂದ ಕಾದ ಹೆಂಗಸರು ಮನೆಗೆ ಹೋಗಿ ಉಂಡು ಮಲಗಿದ್ದರು. ಪಡಸಾಲೆಯಲ್ಲಿ ತೊಟ್ಟಿಲಿನ ಕಟ್ಟು ಗೋಡೆಗೆ ಒರಗಿತ್ತು. ಬುತ್ತಿಯ ಬುಟ್ಟಿಯನ್ನು ಬಿಚ್ಚಿ ಮನೆಯವರೇ ಉಂಡಿದ್ದರು. ಕೂಸು ಹೊಸ ಅಂಗಿಯಲ್ಲೇ ಅತ್ತು ಅತ್ತು ನಿದ್ದೆ ಹೋಗಿತ್ತು.

"ಬಂದ್ರೇನ್ರಿ ಅಳ್ಯಾರ?" ಎಂದಳು ಪುಷ್ಪಾವತಿ.

ಸಿದ್ದರಾಮೇಶ ಮಾತಿಗೆ ಬದಲು ತೊಟ್ಟಿಲಿನ ಕಟ್ಟನ್ನು ಹೊತ್ತುಕೊಂಡು ಹೋಗಿ ಡಿಕ್ಕಿ ತೆಗೆದ. ವೂಫರ್ ಪೆಟ್ಟಿಗೆ ಅವನನ್ನು ನೋಡಿತು. ಹಿಂದಿನ ಬಾಗಿಲಲ್ಲಿ ತುರುಕಿದ, ಹೋಗಲಿಲ್ಲ. ಅಡ್ಡ ಮಾಡಿದ, ಉದ್ದ ಮಾಡಿದ, ಒಂದು ಗಿಳಿಯ ಕೊಕ್ಕು ಮುರಿಯಿತು. ದೇವಿಕಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು.

"ಇರ್ಲಿ ಬಿಡ್ರಿ," ಎಂದಳು. "ಈಗ ರಾಹುಕಾಲ ಕೂತೈತಿ. ತೊಟ್ಟಿಲಾ ಹಿಡಸಿದ್ರೂ ಕೂಸಿನ್ನ ಹ್ಯಾಂಗ ಹೊರಗ ತರ್ಲಿ?"

ಸಿದ್ದರಾಮೇಶ ಬಾಯಿ ತೆರೆದ. ಆದರೆ ರಾಹುವಿನ ವಿರುದ್ಧ ಮಾತಾಡಿ ಅವನಿಗೆ ರೂಢಿ ಇರಲಿಲ್ಲ. "ಮುಗಿಯೂತನ ಕುಂದರತೀನಿ," ಎಂದ.

"ಬ್ಯಾಡ್ರಿ. ನಾವು ಹೊಂಟ ಭಾಳ ಹೊತ್ತಾತು." ಅವಳು ನೆರೆಮನೆಗೆ ಹೋಗಿ ಬಂದಳು. ಕೈಯಲ್ಲಿ ಕೂಸಿನ ತಲೆಗೆ ಹಾಕುವ ಕುಲಾವಿ ಇತ್ತು. ಹಸಿರು ಬಟ್ಟೆಯದು, ಅಂಚಿಗೆ ಸಣ್ಣ ಕನ್ನಡಿ ಹಚ್ಚಿದ್ದು. "ನಿಮ್ಮ ದಾರಿ ನೋಡಿ ನೋಡಿ, ರಾಹುಕಾಲದ ಮುಂಚೇನ ಪರಸ್ಥಾನ ಇಟ್ಟಿದ್ವಿ. ತಗೋರಿ. ಇದನ್ನ ಕರಕೊಂಡು ಹೋಗ್ರಿ."

"ಏನ್ ಚ್ಯಾಷ್ಟಿ ಇದು ದೇವಿಕಾ?"

"ಚ್ಯಾಷ್ಟಿ ಅಲ್ರಿ." ಅವಳು ಕುಲಾವಿಯನ್ನು ಅವನ ಕೈಗಿಟ್ಟಳು. "ಅವತ್ತ ನನ್ನ ಜೀವ ಹೋಗಿ ಬರಾಕತ್ತಿತ್ತು. ಬಾಗಲ ಸಪ್ಪಳಾದ್ರ ಸಾಕು, ನೀವ ಬಂದ್ರಿ ಅಂತ ಕಣ್ಣ ತಗೀತಿದ್ದೆ. ನೀವು ಹೊಂಟೀನಿ ಅಂದಾಗ ನನಗ ರೊಟ್ಟಿ ಬಡಿಯೋ ಸಪ್ಪಳ ಕೇಳಿತ್ತು. ಒಂದ ಸಲ ಆದ್ರ ಮರೀಬೌದಿತ್ತು. ಇವತ್ತ ಮತ್ತ ಕೇಳಿತು. ನನಗ ಜೋರ್ ಓಡೋ ಕಾರ್ ಬ್ಯಾಡಾಗಿತ್ರಿ, ಕರದಾಗ ಏಳೋ ಗಂಡ ಬೇಕಾಗಿತ್ತು."

ತಪ್ಪನ್ನು ಈ ಸಲವೂ ಬೈಕಿನ ಮೇಲೆ ಹಾಕೋಣವೆಂದರೆ ಬೈಕು ಮುಶಿಗೇರಿಯಲ್ಲಿತ್ತು. ಸಿದ್ದರಾಮೇಶ ಒಳಗೆ ಹೋಗಿ ಮಲಗಿದ ಮಗಳ ಪಾದ ಮುಟ್ಟಿ ಬಂದ. ಕುಲಾವಿಯನ್ನು ಮುಂದಿನ ಸೀಟಿನಲ್ಲಿ ಟಾವೆಲ್ಲಿನ ಮೇಲಿಟ್ಟ. ಮೊದಲ ತಿರುವಿನಲ್ಲೇ ಅದು ಜಾರಿ ಕೆಳಗೆ ಬಿತ್ತು. ಗಾಡಿ ನಿಲ್ಲಿಸಿ, ಎತ್ತಿ, ಧೂಳು ಒರೆಸಿ, ಸೀಟಿಗೆ ಬೆಲ್ಟು ಹಾಕಿ ಅದರಡಿ ಸಿಕ್ಕಿಸಿದ. ಆಮೇಲೆ ಹಾಡು ಹಚ್ಚಲಿಲ್ಲ. ಹೋಗುವಾಗ ಹಿಂದೆ ಬಿಟ್ಟ ಟ್ರ್ಯಾಕ್ಟರುಗಳೆಲ್ಲ ಬರುವಾಗ ಅವನನ್ನು ದಾಟಿ ಹೋದವು. ಮುಶಿಗೇರಿಯ ಹಂಪುಗಳನ್ನು ಕಾರು ಈ ಸಲ ಒಮ್ಮೆಯೂ ತಾಗದೆ ದಾಟಿತು. ಒಳಗೆ ತೂಕವೇ ಇರಲಿಲ್ಲ.

ಮನೆಯ ಮುಂದೆ ಫಕೀರವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಓಣಿಯ ಹೆಂಗಸರು ಸೋಬಾನೆ ಹಾಡು ಶುರು ಮಾಡಿಯೇಬಿಟ್ಟರು. ಸಿದ್ದರಾಮೇಶ ಇಳಿದು ಆ ಕಡೆಯ ಬಾಗಿಲು ತೆಗೆದು, ಬೆಲ್ಟು ಬಿಚ್ಚಿ, ಕುಲಾವಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತ. ಹಾಡು ಒಂದೊಂದೇ ಬಾಯಲ್ಲಿ ನಿಂತುಹೋಯಿತು.

"ಕೂಸೆಲ್ಲಿ?" ಎಂದಳು ಫಕೀರವ್ವ.

"ಹೊಂಟೈತಿ," ಎಂದ ಸಿದ್ದರಾಮೇಶ. "ಪರಸ್ಥಾನ ಇಟ್ಟಾರ."

ಫಕೀರವ್ವ ಮಗನ ಮುಖ ನೋಡಿದಳು, ಕುಲಾವಿ ನೋಡಿದಳು. ಬಯ್ಯಬೇಕೆಂದರೆ ಯಾರನ್ನು? ಶಾಸ್ತ್ರ ಅವಳದೇ. ಗೋಣೆಪ್ಪ ಹಿಂದಿನಿಂದ, "ಪರಸ್ಥಾನ ಬಂತಂದ್ರ ಕೂಸು ಬಂದಂಗ ಲೆಕ್ಕ ತಂಗಿ, ಬೆಳಗಿಬಿಡ," ಎಂದ. ಆರತಿ ಆರಿಹೋಗುವಂತಿತ್ತು. ಬೇರೆ ದಾರಿ ಕಾಣದೆ ಅವಳು ಕುಲಾವಿಗೇ ಆರತಿ ಬೆಳಗಿ, ಅದಕ್ಕೇ ದೃಷ್ಟಿ ತೆಗೆದಳು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಸಿದ್ದರಾಮೇಶ ಕುಲಾವಿಯನ್ನು ಎದೆಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂತ. ಅದರಲ್ಲಿ ಇನ್ನೂ ಮಗಳ ತಲೆಯ ಎಣ್ಣೆಯ ವಾಸನೆ ಇತ್ತು. ಸಂಜೆಯಾಗುತ್ತಿತ್ತು, ರಾಹು ಹೋಗಿ ಬಹಳ ಹೊತ್ತಾಗಿತ್ತು. ಅವನು ನರಗುಂದಕ್ಕೆ ಫೋನು ಹಚ್ಚಿದ. ದೇವಿಕಾ ತಕ್ಷಣವೇ ಎತ್ತಿದಳು.

"ದೇವಿಕಾ, ಹೊಂಟೀರೇನ?"

"ಹೊಂಟೀವ್ರಿ," ಎಂದಳು.

ಅವಳ ಮಾತಿನ ಹಿಂದೆ ಪುಷ್ಪಾವತಿ ಅವಸರವಿಲ್ಲದೆ ರೊಟ್ಟಿ ಬಡಿಯುವ ಸಪ್ಪಳ ಪಟಪಟ ಎಂದು ಕೇಳುತ್ತಿತ್ತು.